ಏಳು ಮನೆಗೆ ಒಂದು ಹಗ್ಗ

ದೇಮಕ್ಕನ ಕೈಯಲ್ಲಿ ಏನೂ ಆಗದು ಎಂದು ಮೊದಲು ಹೇಳಿದವಳು ಅವಳ ಅತ್ತೆ.

ಎರಡನೆಯವನು ಬಾವ ಬರಮಣ್ಣ, ತೀರಿಹೋದ ಗಂಡನ ಅಣ್ಣ. ಅವನು ಅದನ್ನು ಊರ ಕಟ್ಟೆಯ ಮೇಲೆ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದ.

“ಒಂಟಿ ಹೆಂಗಸು. ಮಳೆ ಬೀಳುವ ಹೊತ್ತಿಗೆ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಾಳೆ, ನೋಡುತ್ತಿರಿ.”

ಅವನು ಹಾಗೆ ಹೇಳಲು ಕಾರಣವಿತ್ತು. ದೇಮಕ್ಕನಿಗೆ ಗಂಡ ಬಿಟ್ಟುಹೋದದ್ದು ಒಂದು ಮನೆಯ ಜಾಗ. ಅದರ ಮೇಲಿದ್ದ ಮನೆ ಹೊಳೆ ಏರಿದ ವರ್ಷ ಕುಸಿದು, ಮಣ್ಣಿನ ಗೋಡೆ ಮಾತ್ರ ನಿಂತಿತ್ತು. ಊರ ಹಿರಿಯರು ತೀರ್ಮಾನ ಹೇಳಿದ್ದರು: ಬರುವ ಮಳೆಯೊಳಗೆ ಸೂರು ಹೊದಿಸಿ ಒಲೆ ಹಚ್ಚಿ, ಮೊದಲ ಮಳೆಗೆ ಆ ಸೂರು ನಿಂತರೆ ಜಾಗ ಅವಳದು. ಇಲ್ಲವಾದರೆ ಬರಮಣ್ಣನ ಹಿತ್ತಲಿಗೆ ಸೇರುತ್ತದೆ.

ಆಗದು ಎಂದ ಮೂರನೆಯವಳು ಕಲ್ಯಾಣವ್ವ. ಅವಳು ಹೇಳಿದ್ದು ದೇಮಕ್ಕನ ಮುಖಕ್ಕೇ.

ಕಲ್ಯಾಣವ್ವ ಹೊಳೆಯ ದಂಡೆಯ ಆಶ್ರಮದಲ್ಲಿದ್ದಳು. ಆಶ್ರಮ ಎಂದರೆ ಒಂದು ಗುಡಿಸಲು, ಒಂದು ಬೇವಿನ ಮರ. ಅಲ್ಲಿ ಹೊಳೆ ತಿರುಗಿಕೊಳ್ಳುವುದರಿಂದ ಒಂದು ಮಡು ಆಗಿತ್ತು, ಮಡುವಿನ ತುಂಬ ಜೊಂಡು ಬೆಳೆದಿತ್ತು. ಆಳೆತ್ತರದ ಜೊಂಡು. ಮುದುಕಿ ಅದನ್ನು ಕೊಯ್ದು, ಒಣಗಿಸಿ, ಚಾಪೆ ನೇಯುತ್ತಿದ್ದಳು. ಬುದ್ಧಿಮಾತು ಕೇಳಲು ದೂರದಿಂದ ಜನ ಬರುತ್ತಿದ್ದರು. ಹೆಚ್ಚಿನವರು ಚಾಪೆ ತೆಗೆದುಕೊಂಡು ಹೋಗುತ್ತಿದ್ದರು.

“ಏನು ಬೇಕು?” ಎಂದಳು ಕಲ್ಯಾಣವ್ವ.

“ಚಾಪೆ ನೇಯುವುದು ಕಲಿಯಬೇಕು. ಜೊಂಡು ಬೇಕು. ಮಳೆಯೊಳಗೆ ನನ್ನ ಮನೆಗೆ ಸೂರು ಹಾಕಬೇಕು.”

“ಇಲ್ಲಿಗೆ ಬರುವವರು ಮೊದಲು ಜ್ಞಾನ ಕೇಳುತ್ತಾರೆ.”

“ಅದನ್ನು ಮನೆಗೆ ಹೊದಿಸಲು ಬರುತ್ತದೆಯೇ?”

ಮುದುಕಿ ನಕ್ಕಳು. ಆಮೇಲೆ ದೇಮಕ್ಕನ ಕೈ ಹಿಡಿದು ತಿರುಗಿಸಿ ನೋಡಿದಳು.

“ನಿನ್ನಿಂದ ಆಗುವುದಿಲ್ಲ.”

“ಏನು ಆಗುವುದಿಲ್ಲ?”

“ಕೊಯ್ಯುವುದು ಆಗುತ್ತದೆ. ನೇಯುವುದೂ ಆಗುತ್ತದೆ. ಬಿಡುವುದು ಆಗುವುದಿಲ್ಲ.”

“ಬಿಡಲು ನನ್ನ ಹತ್ತಿರ ಏನಿದೆ ಅವ್ವಾ? ಒಂದು ಕುಡುಗೋಲು, ಒಂದು ಕಂಬಳಿ.”

“ಹಾಗಾದರೆ ಇರು,” ಎಂದಳು ಕಲ್ಯಾಣವ್ವ. “ಮೊದಲು ಏನಾದರೂ ನಿನ್ನದಾಗಲಿ. ಆಮೇಲೆ ನೋಡೋಣ.”

ಬೇವಿನ ಮರಕ್ಕೆ ಒಂದು ಗೂಟ ಬಡಿದಿತ್ತು. ಗೂಟಕ್ಕೆ ಒಂದು ಹಗ್ಗ ನೇತುಬಿದ್ದಿತ್ತು. ಪುಂಡಿ ನಾರಿನ ಹಳೆಯ ಹಗ್ಗ, ಮುಟ್ಟಿ ಮುಟ್ಟಿ ನುಣುಪಾಗಿತ್ತು.

“ಇದು ಮಡುವಿನ ಹಗ್ಗ,” ಎಂದಳು ಮುದುಕಿ. “ದಂಡೆಯ ಮೇಲೆ ಚಾಪೆಯವರ ಆರು ಮನೆಗಳಿವೆ. ಆಶ್ರಮ ಏಳನೆಯದು. ದಿನಕ್ಕೊಂದು ಮನೆಯ ಪಾಳಿ. ಪಾಳಿ ಬಂದವರು ಈ ಹಗ್ಗ ತೆಗೆದುಕೊಂಡು ನೀರಿಗೆ ಇಳಿಯಬೇಕು. ಈ ಹಗ್ಗದಲ್ಲಿ ಎಷ್ಟು ಕಟ್ಟಲು ಬರುತ್ತದೋ ಅಷ್ಟು ಅವತ್ತಿನ ಹೊರೆ. ಹಗ್ಗ ಗೂಟದಲ್ಲಿ ಇದ್ದಾಗ ಯಾರೂ ಇಳಿಯುವಂತಿಲ್ಲ.”

“ಆಶ್ರಮದ ಪಾಳಿ ಯಾರದು?”

“ನನ್ನ ಮೊಣಕಾಲಿಗೆ ನೀರು ಆಗದು. ಇನ್ನು ಮೇಲೆ ನಿನ್ನದು. ಒಂದು ಮಾತು. ಕೊಯ್ಯುವಾಗ ನೀರಿನ ಮೇಲೆ ಒಂದು ಗೇಣು ಬಿಡು.”

“ಆಗಲಿ.”

“ಕೊಯ್ದದ್ದನ್ನು ಆ ಮರಳ ದಿನ್ನೆಯ ಮೇಲೆ ಹರಡು. ಒಂದರ ಮೇಲೊಂದು ಬೀಳಬಾರದು.”

“ಆಗಲಿ.”

ದೇಮಕ್ಕ ಬೇಗ ಕಲಿತಳು. ಅವಳ ಬೆರಳು ಓಡುತ್ತಿದ್ದುದನ್ನು ನೋಡಲು ಪಕ್ಕದ ಮನೆಯ ತಿರಕವ್ವ ತನ್ನ ಚಾಪೆ ಬಿಟ್ಟು ಎದ್ದು ಬರುತ್ತಿದ್ದಳು. ತಿರಕವ್ವ ಆರು ಮನೆಗಳಲ್ಲಿ ಹಿರಿಯಳು. ಬಾಯಿ ಜೋರು, ಮನಸ್ಸು ಮೆತ್ತಗೆ.

“ಏ ದೇಮಿ, ನಿಧಾನ. ಚಾಪೆಗೆ ಉಬ್ಬಸ ಬಂದೀತು.”

“ನೀನು ನೇಯುವುದನ್ನು ನೋಡಿದರೆ ಚಾಪೆಗೆ ನಿದ್ದೆ ಬರುತ್ತದೆ ಅಕ್ಕಾ.”

“ಚಾಪೆ ಇರುವುದು ಯಾತಕ್ಕೆ ಮತ್ತೆ?”

ನೇಯ್ದ ಚಾಪೆಗಳನ್ನು ಬಡಗಿಗೆ ಕೊಟ್ಟು ದೇಮಕ್ಕ ತೊಲೆ ತಂದಳು, ಬಿದಿರಿನ ಗಳು ತಂದಳು. ಗೋಡೆಯ ಮೇಲೆ ತೊಲೆ ಕೂತಿತು. ಗಳು ಕಟ್ಟಿದ್ದೂ ಆಯಿತು. ಇನ್ನು ಉಳಿದದ್ದು ಹೊದಿಕೆ. ಆ ಕಡೆಯ ಮನೆಗಳಿಗೆಲ್ಲ ಜೊಂಡೇ ಹೊದಿಕೆ.

ಹೊದಿಕೆಗೆ ಬಹಳ ಜೊಂಡು ಬೇಕು. ಪಾಳಿಗೆ ಸಿಗುವುದು ಒಂದು ಹೊರೆ. ಅದರಲ್ಲೂ ಅರ್ಧ ಆಶ್ರಮದ ಚಾಪೆಗೆ ಹೋಗಬೇಕು.

“ಹೀಗೆ ಹೋದರೆ ನಿನ್ನ ಸೂರಿಗೆ ಮೂರು ಬೇಸಿಗೆ ಹಿಡಿಯುತ್ತದೆ,” ಎಂದಳು ತಿರಕವ್ವ.

ದೇಮಕ್ಕ ಕಲ್ಯಾಣವ್ವನ ಬಳಿಗೆ ಹೋದಳು.

“ಅವ್ವಾ, ಹಗ್ಗ ಒಂದೇ ಯಾಕೆ?”

“ಹೊಳೆ ಎಷ್ಟಿದೆ?”

“ಒಂದು.”

“ಅದಕ್ಕೇ.”

“ಮಡುವಿನಲ್ಲಿ ಜೊಂಡು ಈಚೆ ದಡದಿಂದ ಆಚೆ ದಡದವರೆಗೂ ನಿಂತಿದೆ. ನನಗೆ ಬೇಕಾದದ್ದು ಅದರ ಒಂದು ಮೂಲೆ.”

“ಹಾಗಾದರೆ ಕೇಳು.”

“ಯಾರನ್ನು?”

“ಪಾಳಿ ಇರುವವರನ್ನು. ತಿರಕವ್ವನನ್ನು ಕೇಳು. ಅವಳ ಪಾಳಿ ಒಮ್ಮೆ ಬಿಟ್ಟುಕೊಡುತ್ತಾಳೆ. ಉಳಿದವರೂ ಒಮ್ಮೊಮ್ಮೆ ಬಿಟ್ಟುಕೊಡುತ್ತಾರೆ.”

ದೇಮಕ್ಕನ ಮುಖ ಬಿಗಿಯಾಯಿತು.

“ಅತ್ತೆಯ ಮನೆಯಲ್ಲಿ ಒಂದು ಹಿಡಿ ಉಪ್ಪಿಗೂ ಕೈ ಚಾಚಿ ನಿಂತಿದ್ದೇನೆ ಅವ್ವಾ. ಹೊಸ್ತಿಲು ದಾಟುವಾಗ ಆಣೆ ಮಾಡಿದೆ. ಇನ್ನು ಯಾರ ಮುಂದೂ ಕೈ ಚಾಚುವುದಿಲ್ಲ.”

“ನಾನು ಚಾಚು ಎನ್ನಲಿಲ್ಲ. ಕೇಳು ಎಂದೆ.”

“ನನಗೆ ಎರಡೂ ಒಂದೇ.”

ಕಲ್ಯಾಣವ್ವ ಎದ್ದು ಹೋಗಿ ಒಲೆಗೆ ಕಟ್ಟಿಗೆ ಇಟ್ಟಳು.

ಬಿಸಿಲು ಏರುತ್ತಿತ್ತು. ಬರಮಣ್ಣ ಒಂದು ದಿನ ದಂಡೆಗೆ ಬಂದು, ದೇಮಕ್ಕನ ಬೋಳು ಗಳುಗಳನ್ನು ನೋಡಿದ.

“ಚೆನ್ನಾಗಿದೆ,” ಎಂದ. “ಕಾಗೆಗಳಿಗೆ ಕೂರಲು ಒಳ್ಳೆಯ ಜಾಗ.”

“ಮಳೆಗೆ ಇನ್ನೂ ಹೊತ್ತಿದೆ ಬಾವ.”

“ನನಗೇನೂ ಅವಸರವಿಲ್ಲ ತಾಯಿ. ಈ ಗೋಡೆಯ ಪಕ್ಕಕ್ಕೆ ಎಮ್ಮೆ ಕಟ್ಟಬೇಕು ಅಂತಿದ್ದೇನೆ. ಎಮ್ಮೆಗೂ ಅವಸರವಿಲ್ಲ.”

ಅವನು ಹೋದ ಮೇಲೆ ದೇಮಕ್ಕ ಪುಂಡಿ ನಾರು ತೆಗೆದುಕೊಂಡು ಕೂತಳು. ಸಂಜೆಯೊಳಗೆ ಒಂದು ಹಗ್ಗ ಹೊಸೆದಳು. ಮಡುವಿನ ಹಗ್ಗಕ್ಕಿಂತ ಉದ್ದ, ಅದಕ್ಕಿಂತ ಗಟ್ಟಿ. ಮುಚ್ಚಿಡುವುದು ಅವಳಿಗೆ ಗೊತ್ತಿರಲಿಲ್ಲ. ನೇರವಾಗಿ ತಂದು ಕಲ್ಯಾಣವ್ವನ ಮುಂದೆ ಇಟ್ಟಳು.

ಮುದುಕಿ ಹಗ್ಗವನ್ನು ಬೆರಳ ನಡುವೆ ಓಡಿಸಿದಳು.

“ಚೆನ್ನಾಗಿ ಹೊಸೆದಿದ್ದೀಯ.”

“ಬೇಡ ಎನ್ನುವುದಿಲ್ಲವೇ?”

“ಹಗ್ಗಕ್ಕೆ ಬೇಡ ಎನ್ನಲೇ? ಅದು ಏನು ಮಾಡಿತು?”

“ನಾಳೆಯಿಂದ ದಿನವೂ ಇಳಿಯುತ್ತೇನೆ. ಪಾಳಿಯವರ ಹೊರೆ ಪಾಳಿಯವರಿಗೆ. ನನ್ನಿಂದ ಯಾರಿಗೂ ಕಡಿಮೆಯಾಗುವುದಿಲ್ಲ. ನನ್ನ ಸೂರಾಗಲಿ, ಹಗ್ಗವನ್ನು ಒಲೆಗೆ ಹಾಕುತ್ತೇನೆ.”

ಕಲ್ಯಾಣವ್ವ ಕಲ್ಲು ಎತ್ತಿಕೊಂಡು ಬೇವಿನ ಮರದ ಬಳಿಗೆ ಹೋದಳು. ಒಂದು ಗೂಟ ಬಡಿದಳು. ಆಮೇಲೆ ಇನ್ನೊಂದು. ಮತ್ತೊಂದು. ವಯಸ್ಸಾದ ಕೈ, ಹೊತ್ತು ಹಿಡಿಯಿತು. ಕೊನೆಗೆ ಮರಕ್ಕೆ ಹಳೆಯ ಗೂಟದ ಪಕ್ಕದಲ್ಲಿ ಏಳು ಹೊಸ ಗೂಟಗಳಾದವು.

ದೇಮಕ್ಕನಿಗೆ ನಗು ಬಂತು.

“ಹೊಸ ಹಗ್ಗ ಒಂದೇ ಅವ್ವಾ. ಏಳು ಗೂಟ ಯಾಕೆ?”

“ಮಿಕ್ಕವು ಬಂದಾಗ ನೇತುಹಾಕಲು ಜಾಗ ಬೇಡವೇ?”

ಮೊದಲ ದಿನ ದೇಮಕ್ಕ ಒಬ್ಬಳೇ ತನ್ನ ಹಗ್ಗ ಹಿಡಿದು ಇಳಿದಳು. ದಂಡೆಯ ಮೇಲೆ ನಿಂತವರು ನೋಡಿದರು.

ಎರಡನೆಯ ದಿನ ತಿರಕವ್ವ ಅಂಗಳದಲ್ಲಿ ನಾರು ಹೊಸೆಯುತ್ತಾ ಕೂತಿದ್ದಳು.

“ಕರುವಿಗೆ ಬೇಕಿತ್ತು,” ಎಂದಳು, ಯಾರೂ ಕೇಳದಿದ್ದರೂ.

ವಾರ ಕಳೆಯುವಷ್ಟರಲ್ಲಿ ಏಳು ಗೂಟಗಳೂ ತುಂಬಿದವು. ಹಳೆಯ ಹಗ್ಗವನ್ನು ಯಾರೂ ಮುಟ್ಟಲಿಲ್ಲ.

ದಿನವೂ ಏಳು ಹೊರೆ ಮೇಲೆ ಬಂದವು. ಹೊದಿಕೆಗೆ ಜೊಂಡು ಉದ್ದವಾಗಿದ್ದಷ್ಟೂ ಒಳ್ಳೆಯದು ಎಂದು ದೇಮಕ್ಕ ಬಗ್ಗಿ, ನೀರಿನೊಳಗೆ ಕೈ ಹಾಕಿ, ಬುಡಕ್ಕೇ ಕೊಯ್ದಳು. ಅವಳ ಹೊರೆ ಉಳಿದವರ ಹೊರೆಗಿಂತ ಎತ್ತರವಾಗಿ ಕಂಡಿತು. ಮಾರನೆಯ ದಿನದಿಂದ ಎಲ್ಲರೂ ನೀರಿನೊಳಗೆ ಕೈ ಹಾಕಿದರು.

ಮರಳ ದಿನ್ನೆ ಒಂದು ಹೊರೆ ಹರಡುವಷ್ಟೇ ಅಗಲವಿತ್ತು. ಈಗ ಒಂದರ ಮೇಲೊಂದು ಬಿತ್ತು. ಮೊದಲು ಹರಡಿದವರ ಜೊಂಡಿನ ಮೇಲೆ ಎರಡನೆಯವರದು, ಅದರ ಮೇಲೆ ಮೂರನೆಯವರದು.

“ನಿನ್ನದು ತೆಗೆ.”

“ನಿನ್ನದು ಒಣಗಿದೆ, ನೀನು ತೆಗೆ.”

“ಒಣಗಿದ್ದರೆ ಬಿಟ್ಟು ಹೋಗುತ್ತಿದ್ದೆನೇ?”

ಇಂಥ ಮಾತು ಆ ದಂಡೆಯ ಮೇಲೆ ಮೊದಲು ಇರಲಿಲ್ಲ.

ದೇಮಕ್ಕ ಮರಳ ಜಗಳಕ್ಕೆ ಹೋಗಲಿಲ್ಲ. ಕೊಯ್ದದ್ದನ್ನು ನೇರವಾಗಿ ತನ್ನ ಮನೆಯ ಗಳುಗಳ ಮೇಲೆ ತೆಳ್ಳಗೆ ಹರಡಿದಳು. ಮೇಲೆ ಬಿಸಿಲು, ಕೆಳಗೆ ಗಾಳಿ. ಜೊಂಡು ಚಿನ್ನದ ಬಣ್ಣಕ್ಕೆ ತಿರುಗಿತು. ಒಣಗಿದ ಹಾಗೆ ಅಲ್ಲೇ ಕಟ್ಟಿದಳು. ಒಂದು ಪದರ, ಅದರ ಮೇಲೆ ಇನ್ನೊಂದು ಪದರ. ಕೊನೆಯ ಕಟ್ಟು ಕಟ್ಟಿ ಕೆಳಗಿಳಿದು, ಹಿಂದೆ ಸರಿದು ನಿಂತು ನೋಡಿದಳು.

ಅವಳ ಜೀವನದಲ್ಲಿ ಅವಳದು ಎಂಬುದು ಅದೇ ಮೊದಲು.

ಒಲೆ ಹಚ್ಚಿ ಪಾಯಸ ಮಾಡಿದಳು. ಕಲ್ಯಾಣವ್ವ ಬಂದು ಒಂದು ಬಟ್ಟಲು ಕುಡಿದು, ತಲೆ ಎತ್ತಿ ಸೂರು ನೋಡಿದಳು.

“ಎಲ್ಲಿಯೂ ಬೆಳಕು ಇಣುಕುವುದಿಲ್ಲ. ಒಳ್ಳೆಯ ಕೆಲಸ.”

“ಆಗದು ಎಂದಿದ್ದಿರಿ.”

“ಇದಲ್ಲ,” ಎಂದಳು ಮುದುಕಿ. ಬಟ್ಟಲು ತೊಳೆದಿಟ್ಟು ಹೋದಳು.

ಅದಾದ ಮೇಲೆ ತಿರಕವ್ವ ದಿನ್ನೆಯ ಮೇಲಿನ ರಾಶಿ ಕೆದಕಿದಳು. ಮೇಲಿನ ಪದರ ಸರಿಯಿತ್ತು. ಕೆಳಗಿನದೆಲ್ಲ ಕಪ್ಪಾಗಿ, ಬೂಷ್ಟು ಹಿಡಿದು, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಆರು ಮನೆಯವರದೂ ಅದೇ ಗತಿ. ಅಷ್ಟು ಕೊಯ್ದು, ಒಂದು ಚಾಪೆಗೂ ಬಾರದ ಜೊಂಡು.

ಹೊಸದು ಕೊಯ್ಯೋಣ ಎಂದು ಮಡುವಿನ ಕಡೆ ನೋಡಿದರು.

ಕೊಯ್ದ ಜಾಗದಲ್ಲಿ ಹಸಿರಿರಲಿಲ್ಲ. ಬೇರೆ ವರ್ಷಗಳಲ್ಲಿ ಕೊಯ್ದ ಕೂಳೆ ನಾಲ್ಕೇ ದಿನಕ್ಕೆ ನೀರಿನ ಮೇಲೆ ಚಿಗುರು ತೋರಿಸುತ್ತಿತ್ತು. ಈಗ ನೀರು ಬರಿದಾಗಿ ಮಿನುಗುತ್ತಿತ್ತು. ಆಚೆ ದಡದ ಬಳಿ ಮಾತ್ರ ಒಂದು ಕಿರಿದಾದ ಪಟ್ಟಿ ಉಳಿದಿತ್ತು.

ದೇಮಕ್ಕ ನೀರಿಗಿಳಿದು ಬುಡಕ್ಕೆ ಕೈ ಹಾಕಿದಳು. ಗಡ್ಡೆ ಕೊಳೆತು ಮೆತ್ತಗಾಗಿತ್ತು. ಕೈಗೆ ಬಂದದ್ದನ್ನು ಹಾಗೆಯೇ ಹಿಡಿದುಕೊಂಡು ಕಲ್ಯಾಣವ್ವನ ಬಳಿಗೆ ಬಂದಳು.

“ಬೇರು ಕಿತ್ತಿಲ್ಲ. ಬುಡ ಅಲ್ಲಿಯೇ ಇದೆ. ಯಾಕೆ ಸತ್ತಿತು ಅವ್ವಾ?”

ಕಲ್ಯಾಣವ್ವ ಗುಡಿಸಲ ಪಕ್ಕದ ಪರಂಗಿ ಗಿಡದಿಂದ ಒಂದು ಎಲೆ ಮುರಿದಳು. ಎಲೆಯನ್ನು ಚಿವುಟಿ ಎಸೆದು, ಟೊಳ್ಳು ದಂಟನ್ನು ದೇಮಕ್ಕನಿಗೆ ಕೊಟ್ಟಳು. ನೋಯುವ ಮೊಣಕಾಲಿನಲ್ಲೇ ಅವಳ ಜೊತೆ ನೀರಿಗೆ ಇಳಿದಳು.

“ಬಾಯಲ್ಲಿ ಇಟ್ಟುಕೋ. ತುದಿ ನೀರಿನ ಮೇಲೆ ಇರಲಿ. ಮೂಗು ಹಿಡಿದು ಮುಳುಗು.”

ದೇಮಕ್ಕ ಮುಳುಗಿದಳು. ದಂಟಿನೊಳಗಿಂದ ಗಾಳಿ ಬಂತು. ತಣ್ಣಗೆ, ನಿಧಾನಕ್ಕೆ. ನೀರಿನೊಳಗೆ ಹಾಗೆಯೇ ಕೂತಿರಬಹುದು ಅನ್ನಿಸಿತು.

ಕಲ್ಯಾಣವ್ವ ದಂಟನ್ನು ನೀರಿನ ಕೆಳಗೆ, ಒಂದೇ ಏಟಿಗೆ ಕತ್ತರಿಸಿದಳು.

ದೇಮಕ್ಕ ಕೆಮ್ಮುತ್ತಾ ಎದ್ದಳು. ಕಣ್ಣಿನಲ್ಲಿ ನೀರು, ಮೂಗಿನಲ್ಲಿ ನೀರು.

“ಯಾಕೆ ಎದ್ದೆ?” ಎಂದಳು ಮುದುಕಿ.

“ಉಸಿರು ಕಟ್ಟಿತು.”

“ನಿನಗೆ ಏಳಲು ಕಾಲಿತ್ತು.”

ದೇಮಕ್ಕ ಮುಖ ಒರೆಸಿಕೊಂಡು, ನೀರಿನೊಳಗೆ ಮುಳುಗಿದ್ದ ಕೊಯ್ದ ಬುಡಗಳ ಕಡೆ ನೋಡಿದಳು.

“ಒಂದು ಗೇಣು ಬಿಡು ಎಂದಿರಿ. ಯಾಕೆ ಎಂದು ಹೇಳಲಿಲ್ಲ.”

“ಹಗ್ಗ ಒಂದೇ ಯಾಕೆ ಎಂದು ಕೇಳಿದೆ. ಗೇಣು ಯಾಕೆ ಎಂದು ಕೇಳಲಿಲ್ಲ. ಹಗ್ಗ ನಿನಗೆ ಅಡ್ಡ ಬಂತು. ಗೇಣು ಅಡ್ಡ ಬರಲಿಲ್ಲ, ಬಿಟ್ಟುಬಿಟ್ಟೆ.”

“ಆ ಪಟ್ಟಿ ಉಳಿದರೆ?”

“ಅದರ ಗಡ್ಡೆ ಕೆಸರಿನೊಳಗೆ ತೆವಳುತ್ತಾ ಬರುತ್ತದೆ. ಆತುರವಿಲ್ಲದೆ ಬರುತ್ತದೆ. ಮಡು ಮತ್ತೆ ತುಂಬುತ್ತದೆ.”

“ಅದನ್ನೂ ಕೊಯ್ದರೆ?”

ಕಲ್ಯಾಣವ್ವ ದಂಟಿನ ಚೂರನ್ನು ಹೊಳೆಗೆ ಎಸೆದಳು. ಅದು ತಿರುಗುತ್ತಾ ಹೋಯಿತು.

ಮಾರನೆಯ ಬೆಳಿಗ್ಗೆ ಆರು ಮನೆಯ ಹೆಂಗಸರೂ ಕುಡುಗೋಲು ಹಿಡಿದು ದಂಡೆಗೆ ಬಂದಿದ್ದರು. ಎಲ್ಲರ ಕಣ್ಣೂ ಪಟ್ಟಿಯ ಮೇಲೆ. ಎಲ್ಲರ ಹೆಗಲ ಮೇಲೂ ತಮ್ಮ ತಮ್ಮ ಹಗ್ಗ.

“ಅದನ್ನು ಬಿಡಿ,” ಎಂದಳು ದೇಮಕ್ಕ. “ಅದು ಹೋದರೆ ಮಡುವೇ ಹೋಗುತ್ತದೆ.”

“ನಾನು ಬಿಟ್ಟರೆ ಇವಳು ಕೊಯ್ಯುತ್ತಾಳೆ,” ಎಂದಳೊಬ್ಬಳು.

“ನಾನು ಬಿಟ್ಟರೆ ನೀನು ಕೊಯ್ಯುವುದಿಲ್ಲವೇ?” ಎಂದಳು ಇನ್ನೊಬ್ಬಳು.

ತಿರಕವ್ವ ದೇಮಕ್ಕನ ಕಡೆ ತಿರುಗಿದಳು. ಅವತ್ತು ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ.

“ನೀನು ಕೊಯ್ದರೆ ಮನೆ. ನಾವು ಕೊಯ್ದರೆ ಪಾಪ. ಹೌದೇ ದೇಮಿ? ಮಳೆಗಾಲವೆಲ್ಲ ಕೂತು ನೇಯ್ದರೆ ನಮಗೆ ಕೂಳು. ಏನು ನೇಯಲಿ, ಹೇಳು. ನೀರನ್ನೇ?”



ಎಲ್ಲರೂ ಕಲ್ಯಾಣವ್ವನ ಕಡೆ ನೋಡಿದರು. ಅವಳು ಬೇವಿನ ಕೆಳಗೆ ಕೂತು ಅರ್ಧ ಚಾಪೆ ನೇಯ್ದಿದ್ದಳು. ಜನ ಕಾಯುತ್ತಿರುವುದು ಕಾಣದವಳ ಹಾಗೆ ನೇಯುತ್ತಲೇ ಇದ್ದಳು. ಒಂದು ಎಳೆ, ಮೇಲೆ ಕೆಳಗೆ. ಇನ್ನೊಂದು ಎಳೆ. ಆಮೇಲೆ ಪಕ್ಕಕ್ಕೆ ಕೈ ಚಾಚಿದಳು. ಅಲ್ಲಿ ಜೊಂಡು ಇರಲಿಲ್ಲ. ಚಾಚಿದ ಕೈ ಹಾಗೆಯೇ ಉಳಿಯಿತು, ಅಂಗೈ ಮೇಲಾಗಿ.

ದೇಮಕ್ಕ ಆ ಕೈಯನ್ನು ನೋಡಿದಳು.

ಆಮೇಲೆ ಬೇವಿನ ಮರಕ್ಕೆ ಹೋಗಿ, ಎಂಟು ಗೂಟಗಳಲ್ಲಿ ಹಳೆಯದಾವುದೆಂದು ಹುಡುಕಿ, ಮಡುವಿನ ಹಗ್ಗ ತೆಗೆದುಕೊಂಡಳು.

“ಯಾರೂ ನೀರಿಗೆ ಇಳಿಯಬೇಡಿ. ನನ್ನ ಜೊತೆ ಬನ್ನಿ.”

ಮನೆಯ ಮುಂದೆ ನಿಂತು ಸೆರಗು ಸಿಕ್ಕಿಸಿ, ಗೋಡೆ ಹತ್ತಿದಳು. ಕುಡುಗೋಲಿನಿಂದ ಮೊದಲ ಕಟ್ಟು ಕೊಯ್ದು ಒಂದು ಹಿಡಿ ಜೊಂಡು ಎಳೆದಳು. ಒಣಗಿದ, ನೇರವಾದ, ಚಿನ್ನದ ಬಣ್ಣದ ಜೊಂಡು.

“ಹಿಡಿ ತಿರಕಕ್ಕಾ.”

“ದೇಮಿ, ತಲೆ ಕೆಟ್ಟಿತೇ? ಪಡುವಣ ಕಡೆ ಮೋಡ ನೋಡು.”

“ನೋಡಿದೆ. ಹಿಡಿ.”

“ಒಲೆಯ ಮೇಲಿನದಾದರೂ ಬಿಡೇ. ಅರ್ಧ ಸಾಕು ನಮಗೆ.”

“ಅರ್ಧ ಸಾಲದು. ನಿನಗೆ ಸಿಕ್ಕಿ ಉಳಿದವರಿಗೆ ಸಿಗದಿದ್ದರೆ, ನಾಳೆ ಅವರು ಪಟ್ಟಿಗೆ ಇಳಿಯುತ್ತಾರೆ. ಅವರು ಇಳಿದರೆ ನೀನೂ ಇಳಿಯುತ್ತೀಯ.”

ತಿರಕವ್ವ ಹಿಡಿದುಕೊಂಡಳು.

“ಪಾಳಿ ಬಿಟ್ಟುಕೊಡಿ ಎಂದು ಕೇಳಿದ್ದರೆ ಕೊಡುತ್ತಿದ್ದೆವಲ್ಲೇ,” ಎಂದಳು.

“ಗೊತ್ತು ಅಕ್ಕಾ. ಈಗ ಗೊತ್ತು.”

ಎಲ್ಲರ ಪಾಲನ್ನೂ ಅದೇ ಹಳೆಯ ಹಗ್ಗದಲ್ಲಿ ಕಟ್ಟಿದರು. ಒಂದು ಮನೆಗೆ ಒಂದು ಹೊರೆ, ಒಂದು ಸುತ್ತು ಮುಗಿದ ಮೇಲೆ ಮತ್ತೊಂದು ಸುತ್ತು. ಸಂಜೆಗೆ ಬೋಳು ಗಳುಗಳ ನಡುವೆ ಆಕಾಶ ಕಾಣುತ್ತಿತ್ತು.

ಮಾರನೆಯ ದಿನ ತಿರಕವ್ವ ತನ್ನ ಮನೆಯ ಹಳೆಯ ಚಾಪೆ ತಂದು ಒಲೆಯ ಮೇಲಿನ ಗಳುವಿಗೆ ಕಟ್ಟಿದಳು. ಉಳಿದವರೂ ತಂದರು. ಹರಿದದ್ದು, ಬಣ್ಣ ಹೋದದ್ದು, ಬಾಣಂತಿಗೆ ಹಾಸಿದ್ದದ್ದು.

ಬರಮಣ್ಣ ಬಂದು ಸೊಂಟದ ಮೇಲೆ ಕೈ ಇಟ್ಟು ನೋಡಿದ.

“ಇದು ಸೂರೋ, ಸಂತೆಯ ಅಂಗಡಿಯೋ?”

“ಮಳೆ ಬರಲಿ ಬಾವ. ನಿಂತರೆ ಸೂರು.”

ಮಳೆ ಬಂತು, ಗಾಳಿಯ ಜೊತೆಗೇ ಬಂತು. ಚಾಪೆಗಳು ಒಂದೊಂದಾಗಿ ಎದ್ದು ಹೊಳೆಯ ಕಡೆ ಹೋದವು. ಒಲೆಯ ಬೂದಿ ಕೆಸರಾಗಿ, ಹೊಸ್ತಿಲು ದಾಟಿ ಹರಿಯಿತು.

ಮಳೆ ನಿಂತ ಮೇಲೆ ಬರಮಣ್ಣ ಬೇಲಿಯ ಗೂಟ ಕಿತ್ತು ಈಚೆಗೆ ನೆಟ್ಟ. ಹಿರಿಯರ ಮಾತು ಅವನ ಪರವಾಗಿತ್ತು. ದೇಮಕ್ಕ ಅಡ್ಡ ನಿಲ್ಲಲಿಲ್ಲ. ಅವಳು ಒಳಗಿದ್ದ ಕಂಬಳಿಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು.

“ಹೇಳಿದ್ದೆ,” ಎಂದ ಅವನು. “ನಿನ್ನ ಕೈಯಲ್ಲಿ ಆಗದು ಎಂದು ಅವತ್ತೇ ಹೇಳಿದ್ದೆ.”

“ಹೇಳಿದ್ದಿರಿ. ಆದರೆ ಸೂರು ಹಾಕಿದ್ದೂ ನಾನೇ, ಕಿತ್ತದ್ದೂ ನಾನೇ. ಎರಡೂ ಆಯಿತು ಬಾವ.”

ಅವನಿಗೆ ಏನು ತೋಚಿತೋ, ದನಿ ಇಳಿಸಿದ.

“ಕೊಟ್ಟಿಗೆಯಲ್ಲಿ ಒಂದು ಮೂಲೆ ಖಾಲಿ ಇದೆ. ಮಳೆ ಮುಗಿಯುವ ತನಕ ಇದ್ದುಕೋ.”

“ಎಮ್ಮೆಗೆ ಇರಲಿ. ಮಡುವಿನಲ್ಲಿ ನನಗೊಂದು ಪಾಳಿ ಇದೆ, ಹೋಗಬೇಕು.”

ಆಶ್ರಮದಲ್ಲಿ ಕಲ್ಯಾಣವ್ವ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಮುಗಿದ ಚಾಪೆಯಿತ್ತು. ಅರ್ಧ ಮಡುವಿನ ಜೊಂಡು, ಅರ್ಧ ದೇಮಕ್ಕನ ಸೂರಿನ ಜೊಂಡು. ನೋಡಿದರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಮುದುಕಿ ಅದನ್ನು ಬಿಚ್ಚಿ ಹಾಸಿದಳು.

“ಕೂತುಕೋ.”

ದೇಮಕ್ಕ ಕೂತಳು. ಕೂತ ಮೇಲೆ ಅತ್ತಳು. ಕಲ್ಯಾಣವ್ವ ಗಂಜಿ ಬಿಸಿ ಮಾಡಿದಳು.

“ಬಿಡುವುದು ಬಂತೇ?” ಎಂದಳು ಬಟ್ಟಲು ಕೊಡುತ್ತಾ.

“ಇಲ್ಲ ಅವ್ವಾ. ಬಿಟ್ಟೆ, ಅಷ್ಟೇ. ಇನ್ನೂ ಕೈ ನೋಯುತ್ತಿದೆ.”

“ಅದು ಹಾಗೆಯೇ ಬರುವುದು.”

ದೇಮಕ್ಕ ತಾನು ಹೊಸೆದ ಉದ್ದ ಹಗ್ಗವನ್ನು ಒಲೆಗೆ ಹಾಕಲಿಲ್ಲ. ಹೊಳೆ ಇಳಿದಾಗ ಕೆಸರಿನಲ್ಲಿ ಕೋಲು ನೆಟ್ಟು, ಆ ಹಸಿರು ಪಟ್ಟಿಯ ಸುತ್ತ ಅದನ್ನು ಎಳೆದು ಕಟ್ಟಿದಳು. ಅದರೊಳಗೆ ಯಾರೂ ಕುಡುಗೋಲು ಇಡಲಿಲ್ಲ. ಉಳಿದ ಹಗ್ಗಗಳು ಗೂಟ ಬಿಟ್ಟು ಮನೆಗಳಿಗೆ ಹೋದವು. ತಿರಕವ್ವನದು ನಿಜಕ್ಕೂ ಕರುವಿನ ಕುತ್ತಿಗೆಗೆ ಬಂತು.

ಸೂರಿನ ಜೊಂಡು ಆ ಮಳೆಗಾಲ ದಾಟಿಸಿತು. ಮುಂದಿನ ಬೇಸಿಗೆ ಕಷ್ಟದ ಬೇಸಿಗೆ, ಕಟ್ಟಿದ ಹಗ್ಗದಾಚೆಗೆ ಹಬ್ಬಿದಷ್ಟು ಜೊಂಡೇ ಕೊಯ್ಯಲು ಸಿಕ್ಕಿತು. ಕೆಲವರು ಬೇರೆ ಊರಿಗೆ ಕೂಲಿಗೆ ಹೋದರು. ಹೋದವರ ಪಾಳಿಯನ್ನು ಉಳಿದವರು ತೆಗೆದುಕೊಳ್ಳಲಿಲ್ಲ. ಅವರ ಪಾಳಿಯ ದಿನ ಹಗ್ಗ ಗೂಟದಲ್ಲೇ ಇತ್ತು. ಪಟ್ಟಿಯ ಗಡ್ಡೆ ಕೆಸರಿನೊಳಗೆ ತೆವಳಿತು. ಕಲ್ಯಾಣವ್ವ ಹೇಳಿದ ಹಾಗೆಯೇ, ಆತುರವಿಲ್ಲದೆ.

ಮಡು ತುಂಬಿದ್ದನ್ನು ಕಲ್ಯಾಣವ್ವ ನೋಡಿದಳು. ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಸೂರಿನ ಜೊಂಡು ಸೇರಿದ ಆ ಚಾಪೆಯ ಮೇಲೆಯೇ ಹೋದಳು.

ವರ್ಷಗಳು ಕಳೆದವು. ದೇಮಕ್ಕನ ಮೊಣಕಾಲಿಗೂ ನೀರು ಆಗದಂತಾಯಿತು. ಬೇವಿನ ಕೆಳಗೆ ಅವಳು ಕೂರುತ್ತಿದ್ದಳು. ಜನ ಬುದ್ಧಿಮಾತು ಕೇಳಲು ಬಂದು ಚಾಪೆ ತೆಗೆದುಕೊಂಡು ಹೋಗುತ್ತಿದ್ದರು.

ಆಗ ಚೆನ್ನಿ ಎಂಬವಳು ಬಂದು ಸೇರಿದಳು. ಚುರುಕಾದ ಹೆಂಗಸು, ಕೈ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಸಂಜೆ ಹೊಸ ಹಗ್ಗವೊಂದನ್ನು ತಂದು ದೇಮಕ್ಕನ ಮುಂದೆ ಇಟ್ಟಳು.

ದೇಮಕ್ಕ ಅದನ್ನು ಬೆರಳ ನಡುವೆ ಓಡಿಸಿದಳು.

“ಚೆನ್ನಾಗಿ ಹೊಸೆದಿದ್ದೀಯ.”

“ಬೈಯುತ್ತೀರಿ ಅಂದುಕೊಂಡೆ.”

“ಹೊಸೆದದ್ದಕ್ಕೆ ಯಾಕೆ ಬೈಯಲಿ?”

“ಅವ್ವಾ, ಒಂದು ಕೇಳಲೇ? ಈ ಮಡು ನಿಮ್ಮಿಂದ ಉಳಿಯಿತಂತೆ. ತಿರಕವ್ವನ ಮೊಮ್ಮಗಳು ಹೇಳಿದಳು. ಬೇರೆ ಯಾರಾದರೂ ಆಗಿದ್ದರೆ ಅರ್ಧ ಮಡು ನನ್ನದು ಅನ್ನುತ್ತಿದ್ದರು. ನಿಮಗೂ ಎಲ್ಲರ ಹಾಗೆ ಪಾಳಿಗೆ ಒಂದೇ ಹೊರೆ. ಇಷ್ಟು ಮಾಡಿ, ನಿಮ್ಮದು ಅಂತ ಏನಿದೆ?”

ದೇಮಕ್ಕ ಹೊಳೆಯ ಕಡೆ ನೋಡಿದಳು. ಗಾಳಿಗೆ ಜೊಂಡು ಒಮ್ಮೆ ಬಾಗಿ ಎದ್ದಿತು. ಅದರಾಚೆ, ದಂಡೆಯ ಮೇಲೆ, ಹಳೆಯ ಗೋಡೆಯೊಂದರ ಪಕ್ಕದಲ್ಲಿ ಎಮ್ಮೆ ಮಲಗಿತ್ತು.

ಅವಳು ಹೊಸ ಹಗ್ಗವನ್ನು ಸುತ್ತಿ ಚೆನ್ನಿಯ ಮಡಿಲಿಗೆ ಹಾಕಿದಳು.

“ಏಳರಲ್ಲಿ ಒಂದು ಪಾಳಿ ನನ್ನದು. ಬಂದ ದಿನವೇ ಅದನ್ನು ನನಗೆ ಪುಕ್ಕಟೆ ಕೊಟ್ಟಿದ್ದರು. ಅದು ನನ್ನದಾಗಲು ಒಂದು ಮನೆಯನ್ನೇ ಕೊಡಬೇಕಾಯಿತು.”